ಪೈಪಿನ ಮೇಲಿನ ವರ್ಷ



ಪಾಂಡವರನ್ನು ಸುಡಲೆಂದು ಕಟ್ಟಿಸಿದ್ದು ಅರಗಿನ ಮನೆ. ಅದೇ ಅರಗು ನಮ್ಮ ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಕೊಡುತ್ತದೆ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಸಾಕು, ಉಜ್ಜಿದ ಬಿಸಿಗೇ ಕರಗಿ ಹಿಡಿದುಕೊಳ್ಳುತ್ತದೆ. ಅರಗು, ಮರದ ಹೊಟ್ಟು, ಪಕ್ಕದಲ್ಲೇ ಅಡುಗೆಮನೆ. ಬೈರಾಪಟ್ಟಣವಾಗಲಿ, ತಾಲ್ಲೂಕಿನ ಬೇರೆ ಊರಾಗಲಿ, ಇಂಥ ಕಸುಬಿನ ಮನೆಯವರು ಬೆಂಕಿಯ ಎಚ್ಚರದ ಈ ಮಾತನ್ನು ಮೊದಲು ಕೇಳಬೇಕು.

ಹುಲ್ಲು ಮಾಡಿನ ಕಾಲದಲ್ಲಿ ಬೆಂಕಿ ಬಿದ್ದರೆ ಬಾವಿ, ಕೊಡ, ನೆರೆಹೊರೆಯವರು, ಅಷ್ಟೇ ಗತಿ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಜಾರ್ಜ್ ವಿಲಿಯಂ ಮ್ಯಾನ್‌ಬಿ ತಾಮ್ರದ ಪಾತ್ರೆಯಲ್ಲಿ ಪೊಟ್ಯಾಶ್ ದ್ರಾವಣ ತುಂಬಿ, ಒತ್ತಡದ ಗಾಳಿಯಿಂದ ಚಿಮ್ಮಿಸಿದ. ಒಬ್ಬನೇ ಎತ್ತಿಕೊಂಡು ಓಡಬಹುದಾದ ಬೆಂಕಿ ನಂದಿಸುವ ಸಾಧನ ಬಂದದ್ದು ಹಾಗೆ. ಆಮೇಲಿನದು ಸೋಡಾ-ಆಸಿಡ್ ಡಬ್ಬಿ. ಒಳಗೆ ಅಡುಗೆ ಸೋಡಾ ಕರಗಿಸಿದ ನೀರು, ಅದರಲ್ಲಿ ಗಂಧಕಾಮ್ಲದ ಗಾಜಿನ ಸೀಸೆ. ಸೀಸೆ ಒಡೆದರೆ ಅನಿಲ ಹುಟ್ಟಿ ನೀರನ್ನು ತಳ್ಳುತ್ತಿತ್ತು. ಒಳಗಿನಿಂದ ತುಕ್ಕು ಹಿಡಿದರೆ ಡಬ್ಬಿಯೇ ಸಿಡಿಯುವ ಅಪಾಯವಿತ್ತು. ನಿಗಾ ಇಲ್ಲದ ಸಾಧನವೇ ಶತ್ರುವಾದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಎಬಿಸಿ ಪುಡಿಯ ಸಿಲಿಂಡರು. ಮರ, ಎಣ್ಣೆ, ವಿದ್ಯುತ್, ಮೂರರ ಬೆಂಕಿಗೂ ಆಗುತ್ತದೆ. ಆದರೆ ಗೋಡೆಗೆ ನೇತುಹಾಕಿ ಮರೆತರೆ ಪುಡಿ ತಳದಲ್ಲಿ ಗಟ್ಟಿಯಾಗಬಹುದು. ಒತ್ತಡ ಮಾಪಕದ ಮುಳ್ಳು ಹಸಿರು ಗೆರೆಯೊಳಗಿದೆಯೇ, ಪಿನ್ನು ಭದ್ರವಾಗಿದೆಯೇ, ಮೂತಿ ಕಟ್ಟಿಲ್ಲವೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಒಮ್ಮೆ ಒತ್ತಿದ್ದರೆ, ಸ್ವಲ್ಪವೇ ಪುಡಿ ಹೋಗಿದ್ದರೂ, ಮತ್ತೆ ತುಂಬಿಸಬೇಕು.

ಆದರೂ ನಮ್ಮ ಹಳ್ಳಿಗಳ ನಿಜವಾದ ಬೆಂಕಿಯ ಚರಿತ್ರೆ ಒಲೆಯದು. ಅಡುಗೆ ಗ್ಯಾಸು 1955ರಲ್ಲಿ ಮುಂಬೈಗೆ ಬಂತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ. ಗ್ಯಾಸು ಬಂದಷ್ಟು ಬೇಗ ಪೈಪು ಬದಲಿಸುವ ಅಭ್ಯಾಸ ಬರಲಿಲ್ಲ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷಕ್ಕೆ ಬದಲಿಸಬೇಕು. ಬಿರುಕು ಕಂಡರೆ ಆ ದಿನವೇ. ಸಿಲಿಂಡರಿನ ಕೊರಳ ಪಟ್ಟಿಯಲ್ಲೂ ಒಂದು ಗುರುತಿದೆ: ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿವರೆಗೆ, ಪಕ್ಕದಲ್ಲಿ ವರ್ಷ. ಅದು ಮುಂದಿನ ಪರೀಕ್ಷೆಯ ಗಡುವು. ದಾಟಿದ್ದರೆ ಸಿಲಿಂಡರ್ ತೆಗೆದುಕೊಳ್ಳಬೇಡಿ, ಬದಲಿಸಿ ಕೊಡಿ ಅನ್ನಿ.

ತಾಯಂದಿರೇ, ಅಣ್ಣಂದಿರೇ, ಇವತ್ತೇ ಪೈಪಿನ ಮೇಲಿನ ವರ್ಷ ಓದಿ. ಗ್ಯಾಸು ಸೋರಿದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದರೆ 101 ಅಥವಾ 112.