ಭಯೋತ್ಪಾದನೆ ಮತ್ತು ರಾಷ್ಟ್ರಗಳ ಸಹಕಾರ



ಭಯೋತ್ಪಾದನೆಯನ್ನು ಅಡಗಿಸಲು ರಾಷ್ಟ್ರಗಳನ್ನೆಲ್ಲ ಒಂದುಗೂಡಿಸುವೆನೆಂದು ಚುನಾವಣೆಯ ಅಭ್ಯರ್ಥಿಯೊಬ್ಬರು ಸಾರಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಅದಕ್ಕೂ ಮುನ್ನ ಕೇಳಬೇಕಾದುದು ಒಂದುಂಟು: ಭಯೋತ್ಪಾದಕನೆಂದರೆ ಯಾರು?

ನಮ್ಮ ತಳಕಲ್ಲು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಈ ಸೀಮೆಯ ಜನ ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಹೋದರು. ಅಲ್ಲಿನ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಹೋರಾಟದ ಶಿಬಿರ ನಡೆಸಿದರು. ಶಿಬಿರದ ತರುಣರು ನಮಗೆ ಸ್ವಾತಂತ್ರ್ಯಯೋಧರು. ನಿಜಾಮರ ಸರಕಾರಕ್ಕೆ ದಂಗೆಕೋರರು.

ಇದೇ ತೊಡಕು ಇಂದು ಜಗತ್ತಿನದೂ ಆಗಿದೆ. ಭಾರತವು 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ವ್ಯಾಖ್ಯೆಯ ಜಗಳದಲ್ಲಿಯೇ ನಿಂತಿದೆ. ವಿಮೋಚನೆಗಾಗಿ ಹೋರಾಡುವವರನ್ನೂ ಸರಕಾರಗಳ ಸೇನೆಯನ್ನೂ ಅದರೊಳಗೆ ಸೇರಿಸಬೇಕೆ ಎಂಬುದು ಇತ್ಯರ್ಥವಾಗಿಲ್ಲ.

ಹಾಗೆಂದು ಕೈಕಟ್ಟಿ ಕೂಡಲಾದೀತೆ? ಆಳನ್ನು ಬಿಟ್ಟು ಕೃತ್ಯವನ್ನು ಹಿಡಿದಾಗ ರಾಷ್ಟ್ರಗಳು ಒಪ್ಪಿದ್ದುಂಟು. ಬಾಂಬುದಾಳಿಗಳ ವಿರುದ್ಧ 1997ರಲ್ಲಿ, ಭಯೋತ್ಪಾದನೆಗೆ ಹಣ ಒದಗಿಸುವುದರ ವಿರುದ್ಧ 1999ರಲ್ಲಿ ಒಪ್ಪಂದಗಳಾದವು. ನಿರಾಯುಧ ರೈತನ ಮನೆಗೆ ಬೆಂಕಿಯಿಟ್ಟವನ ಬಾವುಟ ಯಾವುದಾದರೇನು, ಸುಟ್ಟದ್ದು ಮನೆಯೆ.

ಅಭ್ಯರ್ಥಿಗಳು ಬಾಗಿಲಿಗೆ ಬಂದಾಗ ಕೇಳೋಣ: ಯಾವ ಕೃತ್ಯವನ್ನು ತಡೆಯುವಿರಿ, ಯಾವ ಒಪ್ಪಂದದಿಂದ? ಉತ್ತರ ಬಂದರೆ ಆಗ ಚಪ್ಪಾಳೆ ತಟ್ಟೋಣ.