ಹೊಳೆಯ ಕಸ ಎಣಿಸುವ ಡ್ರೋನ್



ಹೊಳೆಯಲ್ಲಿ ಎಷ್ಟು ಪ್ಲಾಸ್ಟಿಕ್ ಹರಿದು ಹೋಗುತ್ತಿದೆ ಎಂದು ತಿಳಿಯುವ ಹಳೆಯ ಉಪಾಯ ಬಹಳ ಸರಳ. ಒಬ್ಬರು ಸೇತುವೆಯ ಮೇಲೆ ನಿಂತು, ಕೆಳಗೆ ತೇಲಿಹೋಗುವ ಬಾಟಲಿ, ಕವರು, ಥರ್ಮೋಕೋಲ್ ತುಂಡುಗಳನ್ನು ಗಡಿಯಾರ ನೋಡಿಕೊಂಡು ಎಣಿಸುವುದು. ತೀರಾ ಅಗ್ಗ, ನಂಬಲೂ ಅಡ್ಡಿಯಿಲ್ಲ. ಆದರೆ ಸೇತುವೆ ಇದ್ದಲ್ಲಿ ಮಾತ್ರ ಎಣಿಕೆ. ಊರು ದಾಟಿ ಅಳಿವೆಯ ಕಡೆಗೆ ಹೋದಂತೆ ಹೊಳೆ ಅಗಲವಾಗುತ್ತದೆ, ದಡದಲ್ಲಿ ಕೆಸರು, ಕಾಂಡ್ಲಾ ಗಿಡಗಳ ಬೇರು. ಅಲ್ಲಿ ಕಾಲೂರುವುದಕ್ಕೂ ಜಾಗವಿಲ್ಲ.

ಹೋಗಲಿ, ನಾಲ್ಕು ದೊಡ್ಡ ನದಿ ಎಣಿಸಿದರೆ ಸಾಲದೇ? ಕೆಲವು ವರ್ಷಗಳ ಹಿಂದೆ ಹಾಗೆಯೇ ಅನ್ನಿಸಿತ್ತು. ನದಿಗಳಿಂದ ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಬಹುಪಾಲು ಹತ್ತೇ ಹತ್ತು ನದಿಗಳದ್ದು ಎಂಬ ಅಂದಾಜು 2017ರಲ್ಲಿ ಬಂದಿತ್ತು. 2021ರ ಇನ್ನೊಂದು ಲೆಕ್ಕ ಅದನ್ನು ತಲೆಕೆಳಗು ಮಾಡಿತು. ಶೇಕಡ 80ರಷ್ಟು ಹೊರೆ ಸಾವಿರಕ್ಕೂ ಹೆಚ್ಚು ನದಿಗಳಲ್ಲಿ ಹಂಚಿಹೋಗಿದೆ, ಅದರಲ್ಲೂ ನಗರಗಳ ಮಗ್ಗುಲಲ್ಲಿ ಹರಿಯುವ ಸಣ್ಣ ಹೊಳೆಗಳ ಪಾಲು ದೊಡ್ಡದು ಎಂದಿತು. ಎರಡೂ ಕಂಪ್ಯೂಟರ್ ಲೆಕ್ಕಗಳೇ. ನಿಜ ಯಾವುದೆಂದು ನೋಡಬೇಕಾದರೆ ಹೊಳೆಗೇ ಹೋಗಬೇಕು.

ಮಲೇಷ್ಯಾದ ಕ್ಲಾಂಗ್ ನದಿಯಲ್ಲಿ ಹಾಗೆ ಹೋಗಿ ನೋಡಿದರು. ಸುಮಾರು 120 ಕಿಲೋಮೀಟರ್ ಉದ್ದದ ಈ ನದಿ ಕ್ವಾಲಾಲಂಪುರದ ನಡುವೆ ಹರಿದು ಮಲಕ್ಕಾ ಜಲಸಂಧಿ ಸೇರುತ್ತದೆ. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಣ್ಣಿನ ಎಣಿಕೆ, ಬಲೆ, ಡ್ರೋನ್ ಮೂರನ್ನೂ ಬಳಸಿ ಹೋಲಿಸಿದರು. ಹೊಳೆಯ ಅಗಲದಲ್ಲಿ ಎಲ್ಲಿ ಪ್ಲಾಸ್ಟಿಕ್ ದಟ್ಟ, ಎಲ್ಲಿ ವಿರಳ ಎಂಬುದರಲ್ಲಿ ಡ್ರೋನ್ ಕಂಡದ್ದೂ ಕಣ್ಣು ಕಂಡದ್ದೂ ಬಹುಮಟ್ಟಿಗೆ ತಾಳೆಯಾದವು.

ಡ್ರೋನ್ ಎಣಿಕೆಯ ಗುಟ್ಟೆಲ್ಲ ಎತ್ತರದಲ್ಲಿದೆ. ಒಳ್ಳೆಯ ಕ್ಯಾಮೆರಾ ಇರುವ ಸಾಮಾನ್ಯ ಡ್ರೋನ್ 100 ಮೀಟರ್ ಮೇಲಿದ್ದರೆ, ಚಿತ್ರದ ಒಂದು ಚುಕ್ಕೆಯೊಳಗೆ ನೀರಿನ ಮೇಲಿನ ಎರಡೂವರೆ, ಮೂರು ಸೆಂಟಿಮೀಟರ್ ಜಾಗ ಅಡಗುತ್ತದೆ. ಅಂದರೆ ಬಾಟಲಿಯ ಮುಚ್ಚಳ ಬರೀ ಒಂದು ಚುಕ್ಕೆ. ಹತ್ತು ಮೀಟರಿಗೆ ಇಳಿಸಿದರೆ ಮುಚ್ಚಳದ ಆಕಾರವೇ ಕಾಣುತ್ತದೆ, ಆದರೆ ಒಂದು ಚಿತ್ರಕ್ಕೆ ಸಿಗುವ ಹೊಳೆ ಹದಿನೈದು ಮೀಟರ್ ಅಗಲವಷ್ಟೇ. ಬ್ಯಾಟರಿ ಬರುವುದು ಸುಮಾರು ಅರ್ಧ ಗಂಟೆ. ಸೂಕ್ಷ್ಮವಾಗಿ ನೋಡಬೇಕೋ, ಹೆಚ್ಚು ನೋಡಬೇಕೋ ಎಂದು ಹಾರಿಸುವವರು ಮೊದಲೇ ತೀರ್ಮಾನಿಸಬೇಕು.

ಇನ್ನೊಂದು ಫಜೀತಿ ಉಂಟು. ಹೊಲದ ಮೇಲೆ ಹಾರಿಸಿದಾಗ ಬದು, ಮರ, ಬಾವಿಗಳ ಗುರುತು ಹಿಡಿದು ನೂರಾರು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಬಹುದು. ನೀರಿನಲ್ಲಿ ನಿಂತ ಗುರುತೇ ಇಲ್ಲ. ಆದ್ದರಿಂದ ಹೊಳೆಗೆ ಅಡ್ಡಲಾಗಿ ಗೊತ್ತುಮಾಡಿದ ಜಾಗಗಳಲ್ಲಿ ಡ್ರೋನನ್ನು ನಿಲ್ಲಿಸಿ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಒಂದೇ ಜಾಗದಿಂದ ಕೆಲವು ಸೆಕೆಂಡು ಬಿಟ್ಟು ತೆಗೆದ ಎರಡು ಚಿತ್ರಗಳಲ್ಲಿ ಅದೇ ಬಾಟಲಿ ಎಷ್ಟು ದೂರ ಸರಿದಿದೆ ನೋಡಿದರೆ ಹರಿವಿನ ವೇಗ ಸಿಕ್ಕಿತು. ಎಣಿಕೆ, ವೇಗ, ಅಗಲ ಈ ಮೂರು ಕೂಡಿದರೆ ಗಂಟೆಗೆ ಎಷ್ಟು ಸಾಗುತ್ತಿದೆ ಎಂಬ ಲೆಕ್ಕ. ಸಮುದ್ರದ ಹತ್ತಿರ ಭರತ ಬಂದಾಗ ನೀರು ಹಿಂದಕ್ಕೂ ಹರಿಯುತ್ತದೆ, ಬೆಳಿಗ್ಗೆ ಎಣಿಸಿದ ಬಾಟಲಿಯೇ ಮಧ್ಯಾಹ್ನ ಮರಳಿ ಬಂದು ಮತ್ತೊಮ್ಮೆ ಲೆಕ್ಕಕ್ಕೆ ಸೇರಬಹುದು.

ಡ್ರೋನಿಗೆ ಕಾಣುವುದು ಮೇಲ್ಮೈ ಮಾತ್ರ. ಕೈಚೀಲದಂಥ ತೆಳು ಹಾಳೆಗಳು ನೀರಿನೊಳಗೇ ಸಾಗುತ್ತವೆ. ನೀರಿನ ಬಾಟಲಿಯ ಪ್ಲಾಸ್ಟಿಕ್ ನೀರಿಗಿಂತ ಭಾರ, ಮುಚ್ಚಳ ಬಿಗಿದು ಗಾಳಿ ತುಂಬಿದ್ದರೆ ತೇಲುತ್ತದೆ, ಇಲ್ಲದಿದ್ದರೆ ತಳ ಸೇರುತ್ತದೆ. ಪ್ಲಾಸ್ಟಿಕ್ ಅತಿ ಹೆಚ್ಚು ಕೊಚ್ಚಿಹೋಗುವುದು ನೆರೆಯ ದಿನಗಳಲ್ಲಿ, ಆ ಗಾಳಿ ಮಳೆಯಲ್ಲಿ ಡ್ರೋನ್ ಹಾರುವುದಿಲ್ಲ. ಹೀಗಾಗಿ ಒಟ್ಟು ತೂಕ ಇಷ್ಟೇ ಎಂದು ಡ್ರೋನ್ ಚಿತ್ರ ಹಿಡಿದು ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಡ್ರೋನಿನ ನಿಜವಾದ ಉಪಯೋಗ ದಡದಲ್ಲಿದೆ. ಹೊಳೆಗೆ ಬಿದ್ದ ಪ್ಲಾಸ್ಟಿಕ್ಕೆಲ್ಲ ಸಮುದ್ರ ಸೇರುವುದಿಲ್ಲ. ಬಹಳಷ್ಟು ತಿರುವುಗಳಲ್ಲಿ, ಬೇರುಗಳಲ್ಲಿ, ಗಿಡಗಳ ಪೊದೆಯಲ್ಲಿ ಸಿಕ್ಕಿ ವರ್ಷಗಟ್ಟಲೆ ಕೂತಿರುತ್ತದೆ. ವಿಯೆಟ್ನಾಮಿನ ಸೈಗಾನ್ ನದಿಯಲ್ಲಿ ನೋಡಿದಾಗ, ತೇಲುವ ಪ್ಲಾಸ್ಟಿಕ್ಕಿನ ಹೆಚ್ಚಿನ ಭಾಗ ವಾಟರ್ ಹಯಸಿಂತ್ ಗಿಡಗಳ ನಡುವೆ ಸಿಲುಕಿತ್ತು. ಬೆಂಗಳೂರಿನ ಕೆರೆಗಳನ್ನು ಮುಚ್ಚುವ, ನೇರಳೆ ಹೂವಿನ ಅದೇ ಗಿಡ. ಇಂಥ ಜಾಗಗಳಿಗೆ ದೋಣಿಯೂ ನುಗ್ಗದು. ಡ್ರೋನ್ ಮೇಲಿನಿಂದ ನೋಡಿ, ಯಾವ ಚರಂಡಿಯ ಬಾಯಿಯಿಂದ ಕಸ ಇಳಿಯುತ್ತಿದೆ, ತಡೆಬೇಲಿಯನ್ನು ಎಲ್ಲಿ ಕಟ್ಟಿದರೆ ಹೆಚ್ಚು ಸಿಗುತ್ತದೆ ಎಂದು ತೋರಿಸಬಲ್ಲದು. ಅಲ್ಲಿ ಒಂದೇ ಸಲ ಹಾರಿಸಿದರೆ ಸಾಲದು. ಬೇಸಿಗೆಯಲ್ಲಿ ಒಮ್ಮೆ, ಮುಂಗಾರಿನ ಮೊದಲ ಮಳೆ ಬಿಟ್ಟ ಮೇಲೆ ಒಮ್ಮೆ ಅದೇ ದಡದ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು.

ಸಾವಿರಾರು ಚಿತ್ರ ನೋಡುವವರು ಯಾರು? ಕಾಂಬೋಡಿಯಾದಲ್ಲಿ ತೆಗೆದ ಡ್ರೋನ್ ಚಿತ್ರಗಳಿಂದ ಪ್ಲಾಸ್ಟಿಕ್ಕನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಕಲಿಸುವುದೆಂದರೆ ಮನುಷ್ಯರು ಕೂತು, ಇದು ಬಾಟಲಿ, ಇದು ನೊರೆ, ಇದು ಬಿಸಿಲಿನ ಹೊಳಪು ಎಂದು ಒಂದೊಂದಕ್ಕೂ ಗುರುತು ಹಾಕುವುದು. ಒಂದು ದೇಶದಲ್ಲಿ ಕಲಿತದ್ದು ಇನ್ನೊಂದು ದೇಶಕ್ಕೆ ಹಾಗೇ ನಡೆಯುವುದಿಲ್ಲ. ಗಂಗೆಯಲ್ಲಿ ಬಾಟಲಿಯ ಜೊತೆ ಚೆಂಡುಹೂವಿನ ಹಾರ, ದೊನ್ನೆ, ದೀಪ ಎಲ್ಲವೂ ತೇಲುತ್ತವೆ. ನಮ್ಮ ಹೊಳೆಗಳಲ್ಲಿ ಈ ಕೆಲಸ ಆಗಬೇಕಾದರೆ ಹೂವು ಯಾವುದು, ಹೂವು ಕಟ್ಟಿ ತಂದ ಕವರು ಯಾವುದು ಎಂದು ಇಲ್ಲಿಯವರೇ ಕೂತು ಗುರುತು ಹಾಕಬೇಕಾಗುತ್ತದೆ.