ಹೊಲದ ರಂಜಕ, ಹಳ್ಳದ ನೀರು: ಅಪಾಯವನ್ನು ಅಳೆಯುವ ಬಗೆ



ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿ, ಮಹಾರಾಷ್ಟ್ರದ ಗಡಿಗೆ ಸಮೀಪವಿರುವ ಎರೆಭೂಮಿಯ ಊರು. ತೊಗರಿ, ಬಿಳಿಜೋಳ, ಕಡಲೆ ಈ ಸೀಮೆಯ ಬೆಳೆಗಳು. ನೀರಿನ ಅನುಕೂಲವಿದ್ದಲ್ಲಿ ಕಬ್ಬು. ಇದೇ ತಾಲ್ಲೂಕಿನ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಜೇವರ್ಗಿಯ ನೆಲವನ್ನು ಹಾದು ಮುಂದೆ ಕೃಷ್ಣೆಯಲ್ಲಿ ಲೀನವಾಗುತ್ತದೆ. ಆಳಂದದ ಹೊಲವೊಂದರಿಂದ ಕೊಚ್ಚಿಹೋದುದು ಸಂಗಮದಲ್ಲಿ ಮೀಯುವವರಿಗೂ ಕೆಳದಂಡೆಯಲ್ಲಿ ಕೊಡ ತುಂಬುವವರಿಗೂ ಸಂಬಂಧಿಸಿದ ವಿಷಯವೆಂಬುದು ಇದರಿಂದ ಸ್ಪಷ್ಟ.

ಘಟ್ಟದ ಸೀಮೆಯವರು ಬಯಲುಸೀಮೆಯ ಈ ಊರಿನತ್ತ ಏಕೆ ನೋಡಬೇಕೆಂಬ ಪ್ರಶ್ನೆ ಸಹಜ. ನೀರು ಇಳಿಜಾರನ್ನು ಹುಡುಕುತ್ತದೆ, ಮಣ್ಣನ್ನು ಹೊತ್ತೊಯ್ಯುತ್ತದೆ; ಈ ನಿಯಮ ಎರಡೂ ಕಡೆ ಒಂದೇ. ಖಜೂರಿಯಂತಹ ಊರಿನ ಲೆಕ್ಕವನ್ನು ಅರಿತವರು ತಮ್ಮ ಕಣಿವೆಯ ಲೆಕ್ಕವನ್ನೂ ಹಾಕಬಲ್ಲರು.

ರಂಜಕವಿಲ್ಲದೆ ಬೇರು ಬಲಿಯದು, ಕಾಳು ತುಂಬದು. ಆದರೆ ಅದೇ ರಂಜಕ ನಿಂತ ನೀರನ್ನು ಸೇರಿದರೆ ಪಾಚಿಯನ್ನು ಬೆಳೆಸುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ 1973ರಲ್ಲಿ ವಿಜ್ಞಾನಿಗಳು ಒಂದು ಸರೋವರವನ್ನು ಪರದೆಯಿಂದ ಇಬ್ಭಾಗ ಮಾಡಿದರು. ಎರಡೂ ಭಾಗಗಳಿಗೆ ಇಂಗಾಲ, ಸಾರಜನಕಗಳನ್ನು ಬೆರೆಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ಕೆಲವು ನೀಲಿ-ಹಸಿರು ಪಾಚಿಗಳು ಸಾರಜನಕವನ್ನು ಗಾಳಿಯಿಂದಲೇ ಪಡೆಯಬಲ್ಲವು, ಆದರೆ ರಂಜಕವನ್ನು ನೀರಿನಿಂದಲೇ ಪಡೆಯಬೇಕು. ಇಂತಹ ಪಾಚಿಗಳಲ್ಲಿ ಕೆಲವು ವಿಷವನ್ನೂ ಸ್ರವಿಸುತ್ತವೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದ ಸುಮಾರು ನಾಲ್ಕೈದು ಲಕ್ಷ ಜನರು ಎರಡು ಮೂರು ದಿನ ನಲ್ಲಿಯ ನೀರನ್ನು ಕುಡಿಯದಂತಾಯಿತು. ಈರೀ ಸರೋವರದ ಪಾಚಿಯ ವಿಷವೇ ಅದಕ್ಕೆ ಕಾರಣ. ಆ ಪಾಚಿಗೆ ಆಹಾರವೊದಗಿಸಿದ ರಂಜಕದ ಬಹುಪಾಲು ಹೊಲಗಳಿಂದ ಹರಿದು ಬಂದದ್ದು.

ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡಬೇಕು. ಐವತ್ತು ಕಿಲೋ ಡಿಎಪಿ ಚೀಲದ ಮೇಲೆ 18-46-0 ಎಂದಿರುತ್ತದೆ. ನಡುವಿನ ಅಂಕಿ ರಂಜಕದ ಆಕ್ಸೈಡಿನ ಶೇಕಡಾವಾರು ಪ್ರಮಾಣ. ಅಂದರೆ ಚೀಲದಲ್ಲಿ ಅದು 23 ಕಿಲೋ. ಶುದ್ಧ ರಂಜಕದ ಲೆಕ್ಕದಲ್ಲಿ ಸುಮಾರು 10 ಕಿಲೋ. ಒಂದು ಹೆಕ್ಟೇರಿನಿಂದ ವರ್ಷಕ್ಕೆ ಒಂದು ಕಿಲೋ ರಂಜಕ ಹರಿದುಹೋದರೆ ರೈತನ ಗಮನಕ್ಕೂ ಬಾರದು. ಚೀಲದ ಹತ್ತನೆಯ ಒಂದು ಪಾಲು ಅಷ್ಟೆ. ಆದರೆ ನೀರಿನ ಲೆಕ್ಕ ಬೇರೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕವಿದ್ದರೂ ಕೆರೆ ಪಾಚಿಗಟ್ಟಲು ಸಾಕು. ಆ ಒಂದು ಕಿಲೋ ಒಂದು ಕೋಟಿ ಲೀಟರ್ ನೀರನ್ನು, ಅಂದರೆ ಒಂದು ಹೆಕ್ಟೇರ್ ಹರವಿನ, ಒಂದು ಮೀಟರ್ ಆಳದ ಕೆರೆಯನ್ನು, ಆ ಮಟ್ಟಕ್ಕೆ ತರಬಲ್ಲದು. ಹೊಲಕ್ಕೆ ನಗಣ್ಯವಾದುದು ಕೆರೆಗೆ ಕಂಟಕ. ಈ ಸಮಸ್ಯೆ ಬಹುಕಾಲ ರೈತನ ಕಣ್ಣಿಗೆ ಬೀಳದಿರುವುದಕ್ಕೆ ಇದೇ ಕಾರಣ.

ಹಾಗೆಂದು ಎಲ್ಲ ಹೊಲಗಳೂ ಸಮಾನ ಅಪರಾಧಿಗಳಲ್ಲ. ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಈ ನೆಲದಲ್ಲಿ ರಂಜಕವು ತಿಳಿನೀರಿನಲ್ಲಿ ಕರಗಿ ಹೋಗುವುದಕ್ಕಿಂತ ಕೆಸರಿನ ಕಣಕ್ಕೆ ಅಂಟಿಕೊಂಡು ಹೋಗುವುದೇ ಹೆಚ್ಚು. ಹಳ್ಳದ ಕಪ್ಪು ನೀರು ರಂಜಕದ ಬಂಡಿ ಇದ್ದಂತೆ. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಹೊಲವನ್ನು ಬರಿದಾಗಿ ಬಿಡುವ ವಾಡಿಕೆ ಎರೆಭೂಮಿಯಲ್ಲಿದೆ. ಬಿರುಮಳೆ ಬೀಳುವ ತಿಂಗಳುಗಳಲ್ಲಿ ನೆಲಕ್ಕೆ ಹೊದಿಕೆಯಿಲ್ಲದಂತಾಗುತ್ತದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ಇಂತಹುದೇ ಎರೆಮಣ್ಣಿನಲ್ಲಿ ದೀರ್ಘಕಾಲದ ಪ್ರಯೋಗ ನಡೆಸಿದೆ. ಮುಂಗಾರಿನಲ್ಲಿ ಬರಿದಾಗಿ ಬಿಟ್ಟ ಹೊಲದಿಂದ ಹೆಕ್ಟೇರಿಗೆ ವರ್ಷಕ್ಕೆ ಆರು ಟನ್ನಿಗೂ ಮಿಕ್ಕಿ ಮಣ್ಣು ಕೊಚ್ಚಿಹೋದರೆ, ಅಗಲ ಮಡಿ ಮತ್ತು ಸಾಲುಗಳನ್ನು ಮಾಡಿ ಎರಡೂ ಹಂಗಾಮಿನಲ್ಲಿ ಬೆಳೆ ಇಟ್ಟ ಹೊಲದಿಂದ ಹೋದದ್ದು ಸುಮಾರು ಒಂದೂವರೆ ಟನ್. ಒಂದು ಕಿಲೋ ಮಣ್ಣಿನಲ್ಲಿ ಅರ್ಧ ಗ್ರಾಂ ಒಟ್ಟು ರಂಜಕವಿದೆಯೆಂದು ಲೆಕ್ಕಕ್ಕೆ ಹಿಡಿದರೆ, ಮೊದಲನೆಯದು ಮೂರು ಕಿಲೋ ರಂಜಕದ ನಷ್ಟ; ಎರಡನೆಯದು ಮುಕ್ಕಾಲು ಕಿಲೋ. ಇದೆಲ್ಲವೂ ಒಡನೆಯೇ ಪಾಚಿಗೆ ದಕ್ಕದು. ಬಹುಭಾಗ ಕೆರೆಯ ತಳದಲ್ಲಿ ಹೂಳಾಗಿ ಕೂರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಅದರಲ್ಲೊಂದು ಪಾಲು ಬಿಡುಗಡೆಯಾಗಿ ಮೇಲೇರುತ್ತದೆ. ಇಂದು ಹೋದ ಮಣ್ಣಿನ ಸಾಲವನ್ನು ಕೆರೆ ಅನೇಕ ವರ್ಷ ತೀರಿಸುತ್ತಿರಬೇಕಾಗುತ್ತದೆ.

ಹಾಗಾದರೆ ಯಾವ ಹೊಲದ ಮೇಲೆ ಮೊದಲು ಕಣ್ಣಿಡಬೇಕು? ಇದಕ್ಕೆ ಅಮೆರಿಕದ ಲೆಮುನಿಯನ್ ಮತ್ತು ಗಿಲ್ಬರ್ಟ್ ಎಂಬುವರು 1993ರಲ್ಲಿ ‘ರಂಜಕ ಸೂಚ್ಯಂಕ’ವೆಂಬ ಅಳತೆಗೋಲನ್ನು ಮುಂದಿಟ್ಟರು. ಮುಂದೆ ಅದು ಹಲವು ರೂಪಗಳಲ್ಲಿ ಬೆಳೆಯಿತು. ಅದರ ತಿರುಳನ್ನು ಎರಡು ಪ್ರಶ್ನೆಗಳಲ್ಲಿ ಹೇಳಬಹುದು. ಹೊಲದಲ್ಲಿ ರಂಜಕ ಎಷ್ಟಿದೆ? ಅದು ನೀರನ್ನು ಸೇರಲು ದಾರಿ ಎಷ್ಟು ಸಲೀಸಾಗಿದೆ? ಮೊದಲನೆಯದು ಮೂಲ, ಎರಡನೆಯದು ದಾರಿ. ಮೂಲವಿದ್ದು ದಾರಿಯಿಲ್ಲದಿದ್ದರೆ ಅಪಾಯ ಕಡಿಮೆ. ದಾರಿಯಿದ್ದು ಮೂಲವಿಲ್ಲದಿದ್ದರೂ ಅಷ್ಟೆ. ಎರಡೂ ಕೂಡಿದಲ್ಲಿಯೇ ಆಪತ್ತು. ಆದ್ದರಿಂದ ಈ ಎರಡನ್ನು ಕೂಡಿಸದೆ ಗುಣಿಸಬೇಕು.

ಎರಡಕ್ಕೂ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಮೂರು ಬಗೆಯ ಹೊಲಗಳನ್ನು ಹೋಲಿಸೋಣ. ಮೊದಲನೆಯದು ಹಳ್ಳದಿಂದ ದೂರದ ಮಟ್ಟಸ ತೊಗರಿ ಹೊಲ. ಸುತ್ತ ಒಡ್ಡು ಗಟ್ಟಿಯಾಗಿದೆ, ಆದರೆ ವರ್ಷವರ್ಷವೂ ಗೊಬ್ಬರ ಬಿದ್ದು ರಂಜಕ ತುಂಬಿದೆ. ಮೂಲ ಮೂರು, ದಾರಿ ಒಂದು, ಗುಣಲಬ್ಧ ಮೂರು. ಎರಡನೆಯದು ದಿಬ್ಬದ ಇಳಿಜಾರಿನ ತೆಳುಮಣ್ಣಿನ ಹೊಲ. ನೀರು ನೇರ ಹಳ್ಳಕ್ಕಿಳಿಯುತ್ತದೆ, ಆದರೆ ರಂಜಕ ಕಡಿಮೆ. ಮೂಲ ಒಂದು, ದಾರಿ ಮೂರು, ಇದಕ್ಕೂ ಮೂರೇ. ಮೂರನೆಯದು ಹಳ್ಳದ ದಂಡೆಯ ಕಬ್ಬಿನ ಹೊಲ; ರಂಜಕ ಹೆಚ್ಚಿದೆ, ಡಿಎಪಿಯನ್ನು ಮೇಲೆಯೇ ಎರಚಲಾಗಿದೆ, ದಂಡೆಯಲ್ಲಿ ತಿಪ್ಪೆಯೂ ಇದೆ, ಒಡ್ಡು ಒಡೆದಿದೆ. ಮೂರು ಮೂರಲೆ ಒಂಬತ್ತು. ಕೂಡಿಸಿದ್ದರೆ ನಾಲ್ಕು, ನಾಲ್ಕು, ಆರು ಎಂದಾಗಿ ಅಂತರ ಮಸುಕಾಗುತ್ತಿತ್ತು. ಈ ಅಂಕಗಳು ಊರವರು ಆದ್ಯತೆ ಗೊತ್ತುಮಾಡಿಕೊಳ್ಳಲು ಮಾತ್ರ. ಹರಿದ ನೀರನ್ನು ಅಳೆದು ತಾಳೆ ನೋಡಿದ ಬಳಿಕವೇ ಅವು ಶಾಸ್ತ್ರೀಯ ಸೂಚ್ಯಂಕವಾಗುತ್ತವೆ.

ಇದಕ್ಕೆ ಬೇಕಾದ ಮಾಹಿತಿ ಬಹುಪಾಲು ಕೈಗೆಟಕುವಂತಹುದೇ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಲಭ್ಯ ರಂಜಕದ ಅಂಕಿ ಇರುತ್ತದೆ. ಹೆಕ್ಟೇರಿಗೆ ಸುಮಾರು 23 ಕಿಲೋಗಿಂತ ಕೆಳಗಿದ್ದರೆ ಕಡಿಮೆ, 57 ಕಿಲೋಗಿಂತ ಮೇಲಿದ್ದರೆ ಹೆಚ್ಚು ಎಂದು ಎಣಿಸುತ್ತಾರೆ. ಆದರೆ ಚೀಟಿ ಬೆಳೆಯ ಅಗತ್ಯವನ್ನು ಹೇಳುತ್ತದೆಯೇ ಹೊರತು ಇಳಿಜಾರನ್ನಾಗಲಿ ಹಳ್ಳದ ದೂರವನ್ನಾಗಲಿ ಹೇಳದು. ಅದು ಮೂಲದ ಅರ್ಧ ಉತ್ತರ ಮಾತ್ರ. ಸುಜಲಾ ಮೂರನೆಯ ಹಂತದ ಯೋಜನೆಯಲ್ಲಿ ಕಲಬುರಗಿ ಜಿಲ್ಲೆಯೂ ಸೇರಿತ್ತು. ಅದರಡಿ ಆಯ್ದ ಕಿರುಜಲಾನಯನಗಳಿಗೆ ಮಣ್ಣು, ಇಳಿಜಾರು, ಸವಕಳಿಗಳ ನಕ್ಷೆಗಳು ಸಿದ್ಧವಾಗಿವೆ. ಚೀಟಿಯನ್ನೂ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ಓದುವುದೇ ಮೊದಲ ಕೆಲಸ. ಎರಡನೆಯದು, ಮಳೆ ಸುರಿಯುವಾಗ ಕೊಡೆ ಹಿಡಿದು ಹೊಲದ ಬದುವಿನ ಮೇಲೆ ನಡೆಯುವುದು. ನೀರು ಎಲ್ಲಿ ಒಡ್ಡನ್ನು ಒಡೆಯುತ್ತದೆ, ಎಲ್ಲಿ ಕೆಸರಾಗಿ ಹಳ್ಳಕ್ಕೆ ಬೀಳುತ್ತದೆ ಎಂಬುದನ್ನು ನಕ್ಷೆಗಿಂತ ಆ ಹೊತ್ತಿನ ಹಳ್ಳವೇ ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಪ್ರತಿ ಹೊಲದ ಬಾಯಿಯಲ್ಲಿ ಗಾಜಿನ ಸೀಸೆಯಲ್ಲಿ ನೀರು ಹಿಡಿದು, ಒಂದು ದಿನ ಅಲುಗಾಡಿಸದೆ ಇಟ್ಟು, ತಳದಲ್ಲಿ ನಿಂತ ಮಣ್ಣಿನ ದಪ್ಪವನ್ನು ಬರೆದಿಡಬಹುದು.

ಪರಿಹಾರವೂ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟುತ್ತದೆ. ಮೊದಲ ಹೊಲಕ್ಕೆ ಚೀಟಿ ನೋಡಿ ರಂಜಕವನ್ನು ತಗ್ಗಿಸಿದರೆ ಸಾಕು, ಹಣವೂ ಉಳಿಯಿತು. ಎರಡನೆಯದಕ್ಕೆ ಗೊಬ್ಬರವನ್ನು ಕಡಿತಗೊಳಿಸುವುದು ಅನ್ಯಾಯ. ಅಲ್ಲಿ ಬೇಕಾದುದು ಇಳಿಜಾರಿಗೆ ಅಡ್ಡ ಬಿತ್ತನೆ, ಮುಂಗಾರಿನಲ್ಲಿ ನೆಲಕ್ಕೊಂದು ಹೊದಿಕೆ. ಮೂರನೆಯದಕ್ಕೆ ಎಲ್ಲವೂ ಬೇಕು: ಗೊಬ್ಬರವನ್ನು ಎರಚದೆ ಮಣ್ಣಿನೊಳಗೆ ಇಡುವುದು, ಬಿರುಮಳೆಯ ಮುನ್ಸೂಚನೆಯಿದ್ದಾಗ ಹಾಕದಿರುವುದು, ತಿಪ್ಪೆಯನ್ನು ದಂಡೆಯಿಂದ ಮೇಲಕ್ಕೆ ಸಾಗಿಸುವುದು, ಒಡ್ಡನ್ನು ಕಟ್ಟುವುದು, ಹಳ್ಳದ ಅಂಚಿಗೆ ಹುಲ್ಲಿನ ಪಟ್ಟಿಯನ್ನು ಉಳಿಸುವುದು. ಎಲ್ಲರಿಗೂ ಒಂದೇ ನಿಯಮ ಹೇರಿದರೆ ಬಡ ಹೊಲದ ಇಳುವರಿ ಕುಸಿಯುತ್ತದೆ, ಹಳ್ಳದ ದಂಡೆಯ ತಪ್ಪು ಹಾಗೆಯೇ ಉಳಿಯುತ್ತದೆ.

ಭೀಮೆಯ ನೀರಿಗೆ ರಂಜಕ ಸೇರುವುದು ಹೊಲಗಳಿಂದ ಮಾತ್ರವಲ್ಲ. ಮೇಲ್ಭಾಗದಲ್ಲಿ ಪುಣೆಯ ಕೊಳಚೆಯೂ ಉಜನಿ ಜಲಾಶಯಕ್ಕೆ ಬಂದು ಸೇರುತ್ತದೆ. ಪಟ್ಟಣಗಳ ಪಾಪವನ್ನು ರೈತನ ತಲೆಗೆ ಕಟ್ಟಬಾರದು. ಹೊಲದ ಬಾಯಿಯಲ್ಲಿಯೇ ಅಳೆದಿಟ್ಟ ಲೆಕ್ಕವಿದ್ದರೆ ತನ್ನ ಪಾಲು ಎಷ್ಟೆಂದು ರೈತನೇ ಎದೆಯುಬ್ಬಿಸಿ ಹೇಳಬಲ್ಲ.

ಮಲೆನಾಡಿನಲ್ಲಿ ರಂಜಕವನ್ನು ಹಿಡಿದಿಡುವುದು ಸುಣ್ಣವಲ್ಲ. ಹುಳಿಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಳೆ ಹಲವು ಪಟ್ಟು ಹೆಚ್ಚು. ಅಡಿಕೆ ತೋಟಗಳು ಕಣಿವೆಯ ತಳದಲ್ಲಿ, ತೊರೆಯ ಮಗ್ಗುಲಲ್ಲೇ ಇವೆ. ಗೊಬ್ಬರದ ಗುಂಡಿಯಿಂದ ನೀರಿಗೆ ಕೆಲವೇ ಮಾರು. ಅಂದರೆ ಅಲ್ಲಿ ದಾರಿಯ ಅಂಕ ಮೊದಲೇ ಮೂರರ ಹತ್ತಿರವಿದೆ. ಆದ್ದರಿಂದ ಮೂಲದ ಅಂಕವನ್ನು ಕೆಳಗಿಡುವುದು ಘಟ್ಟದವರಿಗೆ ಇನ್ನೂ ಅಗತ್ಯ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಪ್ರತಿ ಊರಿನಲ್ಲಿ ಹತ್ತು ಸೀಸೆಗಳು, ಒಂದು ನೋಟ್‌ಬುಕ್, ನಾಲ್ವರು ವಿದ್ಯಾರ್ಥಿಗಳು, ಹೊಲದ ಗುಣ ಬಲ್ಲ ಒಬ್ಬ ಹಿರಿಯರು ಸಿದ್ಧರಿರಲಿ. ಅಪಾಯವಿರುವ ಹೊಲ ಯಾವುದೆಂದು ಗೊತ್ತಾದ ಮೇಲೆ ಅದನ್ನು ಸರಿಪಡಿಸುವ ವಿದ್ಯೆ ರೈತನಿಗೆ ಹೊಸದೇನಲ್ಲ.